ಬಸಿದದ್ದು ಸಾರು, ಉಳಿದದ್ದು ಪಲ್ಯ

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ನಾನೂ ನನ್ನ ಪತಿಯೂ ಕೆಲಸಕ್ಕೆ ಹೋಗುವವರು. ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳಿದ್ದಾರೆ. ಅತ್ತೆಯವರೂ ನಮ್ಮ ಜೊತೆಗಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎಂಟೂಕಾಲಿಗೆ ಮನೆ ಬಿಟ್ಟರೆ ಹಿಂತಿರುಗುವಾಗ ಸಂಜೆ ಏಳಾಗಿರುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ಮೊಬೈಲಿನಲ್ಲಿ ಊಟ ತರಿಸುತ್ತೇವೆ. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ‘ಹದಿನೈದು ನಿಮಿಷದ ಅಡುಗೆ’ ಎಂಬ ವಿಡಿಯೊ ನೋಡಿಕೊಂಡು ಮಾಡಿದರೆ ನನಗೆ ಒಂದು ಗಂಟೆ ಹಿಡಿಯುತ್ತದೆ. ಬೇಗ ಆಗುವ, ಮೈಗೂ ಒಳ್ಳೆಯದಾದ, ಖರ್ಚೂ ಕಡಿಮೆ ಇರುವ ಅಡುಗೆಗೆ ದಾರಿ ಇದೆಯೇ? ಏರ್ ಫ್ರೈಯರ್ ಕೊಂಡರೆ ಅನುಕೂಲವಾದೀತೇ?

ಉತ್ತರ: ಮೊದಲು ಆ ವಿಡಿಯೊಗಳ ಮಾತು. ಅವುಗಳಲ್ಲಿ ಗಡಿಯಾರ ಓಡಲು ಶುರುವಾಗುವುದು ಈರುಳ್ಳಿ ಹೆಚ್ಚಿ, ಬೇಳೆ ನೆನೆದು, ಹುಣಸೆಹಣ್ಣು ಕಿವುಚಿ, ತೆಂಗಿನಕಾಯಿ ತುರಿದು ಸಣ್ಣ ಸಣ್ಣ ಬಟ್ಟಲುಗಳಲ್ಲಿ ಸಾಲಾಗಿ ಕುಳಿತ ಮೇಲೆ. ಪಾತ್ರೆ ತೊಳೆಯುವುದು ಕೂಡ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಿಮ್ಮ ಕೈ ನಿಧಾನ ಎಂದು ಬೇಸರಪಡಬೇಡಿ. ನಾನು ಮೂವತ್ತು ವರ್ಷ ಗೃಹವಿಜ್ಞಾನ ಪಾಠ ಮಾಡಿದವಳು. ನನಗೂ ಆ ಹದಿನೈದು ನಿಮಿಷದ ಅಡುಗೆಗೆ ಐವತ್ತು ನಿಮಿಷ ಬೇಕು.

ನಿಮ್ಮ ಸಮಯ ಒಲೆಯ ಮೇಲೆ ಹೋಗುತ್ತಿಲ್ಲ. ಒಂದೇ ಊಟಕ್ಕೆ ಸಂಬಂಧವಿಲ್ಲದ ಮೂರು ಅಡುಗೆ ಮಾಡುವುದರಲ್ಲಿ ಹೋಗುತ್ತಿದೆ. ಸಾರಿಗೆ ಒಂದು ಬೇಳೆ, ಪಲ್ಯಕ್ಕೆ ಬೇರೆ ತರಕಾರಿ, ಚಪಾತಿಗೆ ಇನ್ನೊಂದು ಗೊಜ್ಜು. ಪ್ರತಿಯೊಂದಕ್ಕೂ ಹೆಚ್ಚುವುದು ಬೇರೆ, ಒಗ್ಗರಣೆ ಬೇರೆ, ಪಾತ್ರೆ ಬೇರೆ. ಹಗಲೆಲ್ಲ ಹೊಲದಲ್ಲಿ ದುಡಿದು ಕತ್ತಲಾಗುವಾಗ ಮನೆಗೆ ಬಂದು ಒಲೆ ಹಚ್ಚುತ್ತಿದ್ದ ಹಳೆ ಮೈಸೂರು ಕಡೆಯ ಹೆಂಗಸರಿಗೂ ಇದ್ದದ್ದು ನಿಮ್ಮದೇ ತೊಂದರೆ. ಅವರು ಕಂಡುಕೊಂಡ ಉಪಾಯದ ಹೆಸರು ಬಸ್ಸಾರು. ಬೇಯಿಸುವುದು ಒಂದೇ ಸಲ; ಬಸಿದ ನೀರು ಸಾರಾಗುತ್ತದೆ, ಮೇಲೆ ಉಳಿದದ್ದು ಪಲ್ಯವಾಗುತ್ತದೆ. ಈ ಒಂದು ಅಡುಗೆ ನಿಮ್ಮ ಕೈಗೆ ಹತ್ತಿದರೆ ಅರ್ಧ ಪ್ರಶ್ನೆ ಪರಿಹಾರವಾದಂತೆ ಎಂದು ನನಗೆ ಅನ್ನಿಸುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಐದು ಜನರಿಗೆ ಒಂದೂವರೆ ಲೋಟ ಅಲಸಂದೆ ಕಾಳನ್ನು ಬೆಳಿಗ್ಗೆ ಹೊರಡುವ ಮುನ್ನ ನೆನೆಹಾಕಿ. ಬೇಸಿಗೆಯಾದರೆ ನೀರು ಹಾಕಿದ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಸಂಜೆಗೆ ಹುಳಿವಾಸನೆ ಬರುತ್ತದೆ. ಸಂಜೆ ಆ ನೀರು ಚೆಲ್ಲಿ, ಆರು ಲೋಟ ಹೊಸ ನೀರು ಹಾಕಿ, ಕುಕ್ಕರಿನಲ್ಲಿ ಎರಡು ಕೂಗು ಬರಿಸಿ. ಕಾಳು ಬೆಂದಿರಬೇಕು, ಕರಗಬಾರದು. ಮುಚ್ಚಳ ತೆಗೆದು, ತೊಳೆದು ಹೆಚ್ಚಿದ ಎರಡು ಕಟ್ಟು ದಂಟಿನ ಸೊಪ್ಪನ್ನೋ ಹರಿವೆಯನ್ನೋ ಹಾಕಿ, ಉಪ್ಪು ಬೆರೆಸಿ, ಮುಚ್ಚದೆ ಐದು ನಿಮಿಷ ಕುದಿಸಿ. ಈಗ ತೂತಿನ ಪಾತ್ರೆಗೆ ಸುರಿದು ಬಸಿಯಿರಿ. ಕಾಳು ಬೇಯುವಷ್ಟರಲ್ಲಿ ಇನ್ನೊಂದು ಒಲೆಯ ಮೇಲೆ ಒಂದು ದೊಡ್ಡ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಸ್ವಲ್ಪ ಜೀರಿಗೆ, ಕಾಳುಮೆಣಸು ಹುರಿದಿಟ್ಟುಕೊಂಡಿರುತ್ತೀರಿ. ಅದಕ್ಕೆ ಎರಡು ಚಮಚ ಧನಿಯಾ ಪುಡಿ, ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕಾಯಿತುರಿ, ಬೆಂದ ಕಾಳು-ಸೊಪ್ಪಿನಲ್ಲೇ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಸೌಟನ್ನು ಮರೆಯಬೇಡಿ, ಸಾರಿಗೆ ಮೈ ಬರುವುದು ಅದರಿಂದಲೇ. ರುಬ್ಬಿದ್ದನ್ನು ಬಸಿದ ನೀರಿಗೆ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಅನ್ನಕ್ಕೂ ಸರಿ, ಮುದ್ದೆಗಂತೂ ಹೇಳಿ ಮಾಡಿಸಿದ ಜೋಡಿ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯುತ್ತದೆ, ನಾಲ್ಕನೆಯ ಸಲಕ್ಕೆ ಅರ್ಧ ಗಂಟೆ ಸಾಕು.

ಸೊಪ್ಪು ಬೇಯಿಸಿ ನೀರು ಚೆಲ್ಲುವ ಮನೆಗಳನ್ನು ಬಹಳ ನೋಡಿದ್ದೇನೆ. ಫೋಲೇಟ್, ಸಿ ವಿಟಮಿನ್, ಪೊಟ್ಯಾಸಿಯಂ ನೀರಿನಲ್ಲಿ ಕರಗುವಂಥವು. ಚೆಲ್ಲಿದ ನೀರಿನೊಂದಿಗೆ ಅವುಗಳಲ್ಲಿ ದೊಡ್ಡ ಪಾಲು ಮೋರಿಗೆ ಹೋಗುತ್ತದೆ. ಬಸ್ಸಾರಿನಲ್ಲಿ ಆ ನೀರೇ ಊಟ. ಕಾಯಿಸಿದಾಗ ಸಿ ವಿಟಮಿನ್ ಒಂದಷ್ಟು ಹಾಳಾಗುತ್ತದೆ ನಿಜ. ಅದಕ್ಕೆ ಪಲ್ಯದ ಮೇಲೆ ಬಡಿಸುವಾಗ ಅರ್ಧ ನಿಂಬೆಹಣ್ಣು ಹಿಂಡಿ. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿ ನೆರವಾಗುತ್ತದೆ. ಊಟ ಮುಗಿದ ಕೂಡಲೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡಿ. ಒಂದು ಗಂಟೆ ತಡೆದು ಕುಡಿಯಿರಿ.

ಅಲಸಂದೆಯ ಜಾಗದಲ್ಲಿ ಹುರುಳಿ, ಹೆಸರುಕಾಳು, ತೊಗರಿಬೇಳೆ ಯಾವುದೂ ಆಗಬಹುದು. ಹುರುಳಿಗೆ ಮಾತ್ರ ಕೂಗು ಜಾಸ್ತಿ ಬೇಕು. ಸೊಪ್ಪಿನ ಬದಲು ಹುರುಳಿಕಾಯಿ, ಎಲೆಕೋಸು ಹಾಕಿ ಮಾಡುವವರೂ ಇದ್ದಾರೆ. ಮಾರ್ಗಶಿರ, ಪುಷ್ಯದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಅದನ್ನು ಬಿಟ್ಟು ಇನ್ನೊಂದು ಕಾಳಿನ ಹೆಸರೆತ್ತುವುದೇ ತಪ್ಪು. ಕಾಯಿ ಬಿಡಿಸಲು ಹೊತ್ತು ಬೇಕಲ್ಲ ಎಂದರೆ, ನಿಮ್ಮ ಪತ್ರದ ಬಗ್ಗೆ ಒಂದು ಮಾತು ಹೇಳಬೇಕಾಗುತ್ತದೆ. ಅದರಲ್ಲಿ ನಿಮ್ಮ ಪತಿ ಕೆಲಸಕ್ಕೆ ಹೋಗುತ್ತಾರೆ, ಊಟಕ್ಕೆ ಬರುತ್ತಾರೆ. ನಡುವೆ ಎಲ್ಲಿಯೂ ಕಾಣಿಸುವುದಿಲ್ಲ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಬೆಳ್ಳುಳ್ಳಿ ಬಿಡಿಸುವುದು ಟಿವಿ ಮುಂದೆ ಕುಳಿತು ಮಾಡಬಹುದಾದ ಕೆಲಸಗಳು. ಒಂಬತ್ತು ವರ್ಷದ ಮಗುವೂ ಮಾಡುತ್ತದೆ. ಅಡುಗೆ ಬೇಗ ಆಗಲು ನಾನು ಕೊಡುವ ಯಾವ ಸಲಹೆಗಿಂತಲೂ ಇನ್ನೆರಡು ಕೈ ಹೆಚ್ಚು ಕೆಲಸ ಮಾಡುತ್ತವೆ.

ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಾಳು ಬೇಯುವುದು ಮಂಗಳೂರಿಗಿಂತ ನಿಧಾನ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ನಿಮ್ಮಲ್ಲಿ ಐದು ಲೀಟರಿನ ಕುಕ್ಕರ್ ಇದ್ದರೆ ಅದರೊಳಗೆ ಮೂರು ಡಬ್ಬಿ ಏರಿಸಿ. ಕೆಳಗಿನದರಲ್ಲಿ ತೊಗರಿಬೇಳೆ, ಅರಿಶಿನ, ಎರಡು ಟೊಮೆಟೊ; ನಡುವೆ ಅಕ್ಕಿ; ಮೇಲೆ ಎರಡು ಹೋಳು ಮಾಡಿದ ಬೀಟ್‌ರೂಟ್, ಆಲೂಗಡ್ಡೆ ಅಥವಾ ಸಿಹಿಗುಂಬಳ. ಬೀನ್ಸ್ ಇಟ್ಟರೆ ಮುದ್ದೆಯಾಗುತ್ತದೆ, ಇಡಬೇಡಿ. ನಾಲ್ಕು ಕೂಗಿಗೆ ಅನ್ನ, ಬೇಳೆ, ಪಲ್ಯದ ತರಕಾರಿ ಮೂರೂ ಒಂದೇ ಉರಿಯಲ್ಲಿ ಮುಗಿಯುತ್ತವೆ. ಬೇಳೆಯನ್ನು ಎರಡರಷ್ಟು ಇಟ್ಟಿದ್ದರೆ ಅರ್ಧ ಇವತ್ತಿನ ತಿಳಿಸಾರಿಗೆ, ಉಳಿದರ್ಧ ಆರಿದ ಮೇಲೆ ಫ್ರಿಜ್ಜಿಗೆ. ನಾಳೆ ಅದಕ್ಕೆ ನುಗ್ಗೆಕಾಯಿಯೋ ಮೂಲಂಗಿಯೋ ಬೇಯಿಸಿ ಹಾಕಿ ಹುಳಿ ಮಾಡಬಹುದು. ಎರಡು ದಿನದ ಊಟ ಒಂದೇ ರುಚಿ ಎಂದು ಯಾರೂ ದೂರುವುದಿಲ್ಲ, ಏಕೆಂದರೆ ಅದು ಒಂದೇ ರುಚಿಯಲ್ಲ.

ನೀವು ಊಟ ತರಿಸುವ ತೀರ್ಮಾನ ಯಾವಾಗ ಆಗುತ್ತದೆ ಎಂದು ಒಂದು ವಾರ ಗಮನಿಸಿ ನೋಡಿ. ನನ್ನ ಊಹೆ, ಏಳರಿಂದ ಏಳೂವರೆಯ ಒಳಗೆ. ಮಕ್ಕಳು ಹಸಿದು ಅಳುತ್ತಿರುತ್ತವೆ, ನಿಮಗೂ ಹಸಿವು, ಅಡುಗೆಮನೆಯಲ್ಲಿ ಏನೂ ಆಗಿಲ್ಲ. ಆ ಅರ್ಧ ಗಂಟೆಯನ್ನು ದಾಟಿಬಿಟ್ಟರೆ ಸಾಕು. ಬಂದ ಕೂಡಲೇ, ಬಟ್ಟೆ ಬದಲಿಸುವ ಮುಂಚೆಯೇ ಕೈಕಾಲು ತೊಳೆದು ಕುಕ್ಕರ್ ಇಟ್ಟುಬಿಡಿ. ಮಕ್ಕಳ ಕೈಗೆ ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ, ಮೊಳಕೆ ಹೆಸರುಕಾಳಿನ ಉಸಲಿ, ಏನಾದರೊಂದು ಕೊಡಿ. ‘ಈಗ ತಿಂದರೆ ಊಟ ಮಾಡುವುದಿಲ್ಲ’ ಎಂಬ ಭಯ ಬೇಡ. ಕಡಲೆಕಾಯಿಯೂ ಊಟವೇ.

ಭಾನುವಾರ ಇಡೀ ವಾರದ ಅಡುಗೆ ಮಾಡಿಡುವ ಸಲಹೆಯನ್ನು ನೀವು ಕೇಳಿರುತ್ತೀರಿ. ನಾನೂ ಒಮ್ಮೆ ನಂಬಿದ್ದೆ. ಐದು ಬಗೆಯ ಗೊಜ್ಜು, ಪಲ್ಯ, ಹುಳಿ ಮಾಡಿ ಡಬ್ಬಿಗಳ ಮೇಲೆ ದಿನದ ಹೆಸರು ಬರೆದು ಅಂಟಿಸಿ, ಸೈನ್ಯದ ದಂಡನಾಯಕಿಯಂತೆ ಫ್ರಿಜ್ಜಿನ ಬಾಗಿಲು ಹಾಕಿದ್ದೆ. ಬುಧವಾರದ ಡಬ್ಬಿಗೆ ಮಂಗಳವಾರವೇ ನೊರೆ ಬಂದಿತ್ತು. ಬಿಸಿಬಿಸಿಯಾಗಿಯೇ ಆಳದ ಡಬ್ಬಿಗಳಲ್ಲಿ ತುಂಬಿ ಒತ್ತೊತ್ತಾಗಿ ಇಟ್ಟಿದ್ದೆನಲ್ಲ, ನಡುವಿನ ಭಾಗ ತಣ್ಣಗಾಗಲು ಹೊತ್ತು ಹಿಡಿದಿತ್ತು. ಪಾಠ ಹೇಳಿಕೊಡುವವಳೇ ಮಾಡಿದ ತಪ್ಪು ಅದು. ಕೆಡದೆ ಉಳಿದದ್ದನ್ನು ಮಕ್ಕಳು ಮೂಸಿ ನೋಡಿ ಪಕ್ಕಕ್ಕಿಟ್ಟರು.

ಅಂದಿನಿಂದ ಭಾನುವಾರ ಅಡುಗೆ ಮಾಡಿಡುವುದಿಲ್ಲ, ಅಡುಗೆಗೆ ಬೇಕಾದದ್ದನ್ನು ಅಣಿ ಮಾಡಿಡುತ್ತೇನೆ. ಒಂದು ಗಂಟೆಯ ಕೆಲಸ. ರವೆ ಹುರಿದು ಡಬ್ಬಿಗೆ ಹಾಕುವುದು. ಎರಡು ಬಗೆಯ ಕಾಳು ನೆನೆಸಿ, ಒಂದನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಬಿಡುವುದು. ಹುಣಸೆಹಣ್ಣಿನ ಗೊಜ್ಜನ್ನು ಎಣ್ಣೆ ಬಿಡುವ ತನಕ ಕುದಿಸಿ ಸೀಸೆಗೆ ತುಂಬುವುದು. ಅನ್ನಕ್ಕೆ ಕಲಸಿದರೆ ಪುಳಿಯೋಗರೆ, ದಪ್ಪ ಅವಲಕ್ಕಿಗೆ ಕಲಸಿದರೆ ಗೊಜ್ಜವಲಕ್ಕಿ. ಉಪ್ಪುಸಾರಿನ ಖಾರವನ್ನು ಅರೆದಿಡುವುದು. ಇಡ್ಲಿ ಹಿಟ್ಟು ರುಬ್ಬುವುದು. ಈ ಹಿಟ್ಟು ಮೊದಲೆರಡು ದಿನ ಇಡ್ಲಿಗೆ, ಮೂರನೆಯ ದಿನ ದೋಸೆಗೆ, ಹುಳಿ ಏರಿದ ಮೇಲೆ ಈರುಳ್ಳಿ, ಕ್ಯಾರೆಟ್ ಹಾಕಿ ಪಡ್ಡಿಗೆ. ಸೊಪ್ಪನ್ನು ಬಿಡಿಸಿ, ತೊಳೆಯದೆ, ಒಣಬಟ್ಟೆಯಲ್ಲಿ ಸುತ್ತಿಟ್ಟರೆ ಮೂರು ನಾಲ್ಕು ದಿನ ತಾಳುತ್ತದೆ. ತರಕಾರಿಯನ್ನು ವಾರಕ್ಕಾಗುವಷ್ಟು ಹೆಚ್ಚಿಡುವುದು ಮಾತ್ರ ಬೇಡ. ಹೆಚ್ಚಿಟ್ಟಷ್ಟೂ ಸಿ ವಿಟಮಿನ್ ಕಳೆಯುತ್ತದೆ, ರುಚಿಯೂ ಹೋಗುತ್ತದೆ.

ಅನ್ನದ ವಿಷಯದಲ್ಲಿ ಮಾತ್ರ ಸ್ವಲ್ಪ ಕಟ್ಟುನಿಟ್ಟಾಗಿರಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಅವು ಕುದಿತಕ್ಕೂ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಹೊರಗೆ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ, ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಚಿತ್ರಾನ್ನ ಮಾಡಿ ಮುಗಿಸಿ.

ಬೆಳಗಿನ ತಿಂಡಿಗೆ ಹೊಸ ಉಪಾಯ ಏನೂ ಬೇಕಿಲ್ಲ. ತರಕಾರಿ ಅರ್ಧಕ್ಕರ್ಧ ಇರುವ ಉಪ್ಪಿಟ್ಟು, ಕಡಲೆಕಾಯಿ ಹಾಕಿದ ಅವಲಕ್ಕಿ, ದೋಸೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಅದೇ ಮಕ್ಕಳ ಡಬ್ಬಿಗೂ ಹೋಗಲಿ. ಡಬ್ಬಿಗೆಂದು ಬೇರೆ ಅಡುಗೆ ಮಾಡುವುದು ಬಿಟ್ಟ ದಿನ ನಿಮಗೆ ಇಪ್ಪತ್ತು ನಿಮಿಷ ಉಳಿಯುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ತರಕಾರಿ 400 ಗ್ರಾಂ, ಬೇಳೆ-ಕಾಳು, ಮೊಟ್ಟೆ, ಮಾಂಸ ಎಲ್ಲ ಸೇರಿ 85 ಗ್ರಾಂ ಇವೆ. ನಿಮ್ಮ ಅಡುಗೆಮನೆಯ ಒಂದು ಲೋಟ ಬೇಳೆ ಹೆಚ್ಚೂಕಡಿಮೆ 200 ಗ್ರಾಂ. ಐದು ಜನರ ಮನೆಯಲ್ಲಿ, ಮಕ್ಕಳಿಗೆ ಕಡಿಮೆ ಎಂದುಕೊಂಡರೂ, ದಿನಕ್ಕೆ ಒಂದೂವರೆ ಲೋಟಕ್ಕೂ ಮೀರಿ ಖರ್ಚಾಗಬೇಕು. ನಮ್ಮ ಬಹಳಷ್ಟು ಮನೆಗಳಲ್ಲಿ ಒಂದು ಹಿಡಿ ಬೇಳೆಯ ತಿಳಿಸಾರಿನಲ್ಲಿ ಅನ್ನದ ಬೆಟ್ಟ ಕರಗಿಹೋಗುತ್ತದೆ. ಅದು ಅಗ್ಗದ ಊಟವೇನೋ ಸರಿ, ಆದರೆ ರಾತ್ರಿ ಹತ್ತಕ್ಕೆ ಮತ್ತೆ ಹಸಿವಾಗಿ ಬಿಸ್ಕತ್ತಿನ ಪೊಟ್ಟಣ ಒಡೆಯುತ್ತೀರಲ್ಲ, ಆ ಬಿಸ್ಕತ್ತಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ತೊಗರಿಬೇಳೆ ದುಬಾರಿ ಎನಿಸಿದರೆ ಹುರುಳಿ, ಅಲಸಂದೆ, ಕಡಲೆಕಾಳುಗಳ ಕಡೆ ತಿರುಗಿ. ಪ್ರೋಟೀನು ಎಲ್ಲದರಲ್ಲೂ ನೂರು ಗ್ರಾಮಿಗೆ ಇಪ್ಪತ್ತರ ಆಸುಪಾಸು.

ತೆಂಗಿನಕಾಯಿಯ ಬೆಲೆ ಏರಿದ ಮೇಲೆ ನನ್ನ ಅಡುಗೆಮನೆಯ ಲೆಕ್ಕವೂ ಬದಲಾಗಿದೆ. ಚಟ್ನಿಗೆ ಅರ್ಧ ಕಾಯಿ, ಅರ್ಧ ಹುರಿಗಡಲೆ. ಸಾರಿನ ಮಸಾಲೆಗೆ ಕಾಯಿ ಕಡಿಮೆ ಮಾಡಿ ಬೆಂದ ಬೇಳೆಯನ್ನೇ ರುಬ್ಬುತ್ತೇನೆ. ಈ ವಿಷಯದಲ್ಲಿ ಉತ್ತರ ಕರ್ನಾಟಕದವರು ಜಾಣರು. ಶೇಂಗಾ, ಅಗಸಿ, ಗುರೆಳ್ಳು ಪುಡಿಗಳನ್ನು ಕುಟ್ಟಿಟ್ಟುಕೊಂಡರೆ ವಾರಗಟ್ಟಲೆ ಕಾಯಿಯ ಹಂಗಿಲ್ಲ. ಮೊಸರಿನಲ್ಲಿ ಕಲಸಿದರೆ ನಂಚಿಕೊಳ್ಳಲು ಬೇರೇನೂ ಬೇಡ. ಬೆಂಗಳೂರಿನಲ್ಲೂ ಈಗ ಖಡಕ್ ಜೋಳದ ರೊಟ್ಟಿ ಕಟ್ಟುಗಟ್ಟಲೆ ಸಿಗುತ್ತದೆ. ಒಂದು ಕಟ್ಟು ಮನೆಯಲ್ಲಿದ್ದರೆ, ಶೇಂಗಾ ಪುಡಿ, ಮೊಸರು, ಹಸಿ ಈರುಳ್ಳಿ, ಸೌತೆಕಾಯಿ ಸೇರಿ ಒಲೆ ಹಚ್ಚದ ಊಟವಾಗುತ್ತದೆ. ಉಪ್ಪಿನ ಮೇಲೆ ಮಾತ್ರ ಕಣ್ಣಿರಲಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಮೂರೂ ಒಂದೇ ತಟ್ಟೆಗೆ ಬಂದರೆ ಆ ಲೆಕ್ಕ ಬೇಗ ತಪ್ಪುತ್ತದೆ.

ಕೈಯೇ ಏಳದ ದಿನಗಳೂ ಇರುತ್ತವೆ. ಅಂಥ ದಿನಕ್ಕೆ ಮಲೆನಾಡಿನವರ ತಂಬುಳಿ ಇದೆ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ದೊಡ್ಡಪತ್ರೆ ಬಾಡಿಸಿ, ಸ್ವಲ್ಪ ಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು, ಕುದಿಸುವ ಕೆಲಸವೇ ಇಲ್ಲ. ದೊಡ್ಡಪತ್ರೆ ಕುಂಡದಲ್ಲಿ, ಬಾಲ್ಕನಿಯಲ್ಲಿ, ಮರೆತು ಬಿಟ್ಟರೂ ಬೆಳೆಯುತ್ತದೆ. ಜೊತೆಗೆ ಅರ್ಧ ಗಂಟೆ ನೆನೆದ ಹೆಸರುಬೇಳೆಯ ಕೋಸಂಬರಿ. ಅನ್ನ ಒಂದನ್ನು ಬೇಯಿಸಿದರೆ ಊಟ ಸಿದ್ಧ.

ನಿಮ್ಮ ಅತ್ತೆಯವರ ಬಗ್ಗೆ. ಸಕ್ಕರೆ ಕಾಯಿಲೆಗೆ ರಾಗಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ರಾಗಿಯಲ್ಲಿ ನಾರು ಇದೆ, ನೂರು ಗ್ರಾಮಿಗೆ ಮುನ್ನೂರು ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಆ ವಯಸ್ಸಿನ ಮೂಳೆಗೆ ಅದು ಬೇಕು. ಆದರೆ ರಾಗಿಯೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸುತ್ತದೆ, ನೀರಾಗಿ ಕುಡಿಯುವ ಅಂಬಲಿ ಇನ್ನೂ ಬೇಗ ಏರಿಸಬಹುದು. ಅವರಿಗೆಂದು ಬೇರೆ ಅಡುಗೆ ಮಾಡುವ ಅಗತ್ಯವಿಲ್ಲ. ತಟ್ಟೆಯಲ್ಲಿ ಮುದ್ದೆಯ ಗಾತ್ರ ಅರ್ಧ ಮಾಡಿ, ಬಸ್ಸಾರಿನ ಪಲ್ಯವನ್ನು ಎರಡರಷ್ಟು ಬಡಿಸಿ. ಪಲ್ಯವನ್ನು ಮೊದಲು ತಿನ್ನಲು ಹೇಳಿ. ಅದಕ್ಕಿಂತ ಮುಖ್ಯವಾದದ್ದು ಊಟದ ಹೊತ್ತು. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು, ತರಿಸಿದ ಊಟ ಬರಲಿ ಎಂದು ಒಂಬತ್ತೂವರೆಯವರೆಗೆ ಕಾಯುವುದು ಅಪಾಯ; ಸಕ್ಕರೆ ಒಮ್ಮೆಲೇ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಅವರ ಊಟ ದಿನವೂ ಒಂದೇ ಹೊತ್ತಿಗೆ ಆಗಲಿ, ಮಿಕ್ಕವರದು ಹಿಂದೆಮುಂದೆ ಆದರೂ ಚಿಂತೆಯಿಲ್ಲ. ಮೂತ್ರಪಿಂಡದ ತೊಂದರೆಯೂ ಇದ್ದರೆ ಕಾಳು, ಸೊಪ್ಪಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಹಾಗೆಯೇ, ಬಸ್ಸಾರಿನ ಖಾರದ ಅಳತೆಯನ್ನು ನನಗಿಂತ ಅತ್ತೆಯವರನ್ನೇ ಕೇಳುವುದು ಒಳ್ಳೆಯದು. ಅವರ ಕೈಯಳತೆ ನನ್ನ ಚಮಚದ ಲೆಕ್ಕಕ್ಕಿಂತ ರುಚಿಯಾಗಿರುವ ಸಾಧ್ಯತೆಯೇ ಹೆಚ್ಚು.

ಏರ್ ಫ್ರೈಯರ್ ಬೇಡ. ಅದು ಕರಿದ ತಿಂಡಿಗೆ ಎಣ್ಣೆ ಉಳಿಸುವ ಯಂತ್ರ. ನಿಮ್ಮ ಪತ್ರದಲ್ಲಿ ಕರಿದ ತಿಂಡಿಯ ಮಾತೇ ಇಲ್ಲ, ಸಾರು, ಹುಳಿ, ಮುದ್ದೆ ಅದರಲ್ಲಿ ಆಗುವುದಿಲ್ಲ. ಆ ಹಣದ ಸಣ್ಣ ಪಾಲಿನಲ್ಲಿ ಕುಕ್ಕರಿನೊಳಗೆ ಏರಿಸುವ ಮೂರು ಡಬ್ಬಿ, ಒಂದು ಒಳ್ಳೆಯ ತೂತಿನ ಪಾತ್ರೆ, ಹರಿತವಾದ ಒಂದು ಚಾಕು ಕೊಳ್ಳಿ. ಕೂಗು ಬರಲು ಹತ್ತು ನಿಮಿಷ ಮೀರುತ್ತಿದ್ದರೆ, ಮುಚ್ಚಳದ ಅಂಚಿನಲ್ಲಿ ಆವಿ ಬುಸುಗುಡುತ್ತಿದ್ದರೆ, ಬಹುಶಃ ಗ್ಯಾಸ್ಕೆಟ್ ಸಡಿಲವಾಗಿದೆ. ಅದನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ?